ಮೈದಾನಕ್ಕೆ ಕಟ್ಟಿದ ಅಂಚು

ಎರಡು ಕಂಬಗಳು. ತೊಗಟೆ ಕೆತ್ತಿದ ಕಾಡುಮರದ ಕಂಬಗಳು, ನಡುವೆ ಇನ್ನೂ ಬಲೆ ಕಟ್ಟಿಲ್ಲ. ಅವುಗಳ ಸುತ್ತ ಒಂದೂವರೆ ಎಕರೆಯಷ್ಟು ನೀರು. ಮಳೆ ಆಗಷ್ಟೇ ನಿಂತಿದೆ, ಗಾಳಿಯಿಲ್ಲ. ಕಂಬಗಳು ಮೇಲಕ್ಕೆ ಎಷ್ಟು ಉದ್ದವೋ ನೀರೊಳಗೆ ಕೆಳಕ್ಕೂ ಅಷ್ಟೇ ಉದ್ದ. ಎಡಗಂಬದ ಬುಡದಲ್ಲಿ ಒಂದು ಬೆಳ್ಳಕ್ಕಿ, ಎತ್ತಿದ ಕಾಲನ್ನು ಇಳಿಸುವುದನ್ನೇ ಮರೆತಂತೆ ನಿಂತಿದೆ. ನಾಲ್ಕೂ ಬದಿಗೆ ಮೊಳದೆತ್ತರದ ಮಣ್ಣಿನ ಅಂಚು, ಗದ್ದೆಗೆ ಕಟ್ಟುವಂಥದೇ. ಅದರ ಮೈಮೇಲೆ ಗುದ್ದಲಿಯ ಹಿಂಬದಿಯಿಂದ ತಟ್ಟಿದ ಗುರುತುಗಳು ಮೀನಿನ ಹುರುಪೆಯಂತೆ ಸಾಲಾಗಿವೆ. ಎಲ್ಲಿಯೂ ನೀರು ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ.

ಅದು ನಮ್ಮೂರಿನ ಆಟದ ಮೈದಾನ. ಅರವತ್ತೈದನೆಯ ಇಸವಿಯ ಜೂನ್ ತಿಂಗಳ ಒಂದು ಬುಧವಾರ, ಸಂಜೆ ಐದು ಗಂಟೆ. ಮರುದಿನ ಹತ್ತಕ್ಕೆ ಹೊಸನಗರದಿಂದ ಅಧಿಕಾರಿ ಬರುವವರಿದ್ದರು. ಅವರ ಕಾಗದ ಮೂರು ದಿನಗಳಿಂದ ನನ್ನ ಅಂಗಿಯ ಜೇಬಿನಲ್ಲಿತ್ತು, ಬೆವರಿಗೆ ಮೆತ್ತಗಾಗಿತ್ತು.

ನಿಟ್ಟೂರಿಗೆ ಎರಡು ಮೈಲಿಯ ಆ ಊರಿನಲ್ಲಿ ನಾನು ಶಾಲೆಯ ಮೇಷ್ಟ್ರು, ಯುವಕ ಮಂಡಲಿಯ ಕಾರ್ಯದರ್ಶಿ. ಗೋಮಾಳದ ಒಂದು ತುಂಡನ್ನು ಮೈದಾನಕ್ಕೆಂದು ಬೇಡಿ ಅರ್ಜಿ ಬರೆದವನೂ ನಾನೇ. ನೆರೆಯ ಊರೊಂದರಲ್ಲಿ ಶಾಲೆಯ ತೋಟಕ್ಕೆಂದು ಪಡೆದ ಜಾಗದಲ್ಲಿ ಬತ್ತ ಬೆಳೆದಿದ್ದರು. ಆದ್ದರಿಂದ ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಅಂಚು ಕಟ್ಟಿ ನೀರು ನಿಲ್ಲಿಸಿದ್ದು ಕಂಡುಬಂದರೆ ಅದನ್ನು ಸಾಗುವಳಿಯೆಂದೇ ಪರಿಗಣಿಸಿ ಮಂಜೂರಾತಿಯನ್ನು ರದ್ದುಪಡಿಸಲಾಗುವುದು.

ಹಿಂದಿನ ವರ್ಷ ಶರಾವತಿಯ ಹಿನ್ನೀರಿನಲ್ಲಿ ಮನೆ ಮುಳುಗಿದ ಹತ್ತಾರು ಕುಟುಂಬಗಳು ನಮ್ಮೂರಿಗೆ ಬಂದಿದ್ದವು. ಊರಿನ ಹಳಬರು ಅವರನ್ನು ‘ಮುಳುಗಡೆಯವರು’ ಎನ್ನುತ್ತಿದ್ದರು, ಹೆಸರು ಕೇಳುವ ಗೋಜಿಗೆ ಹೋಗುತ್ತಿರಲಿಲ್ಲ. ಬೇಸಗೆಯಲ್ಲಿ ಮೈದಾನಕ್ಕೆಂದು ನಡೆದ ಶ್ರಮದಾನದಲ್ಲಿ ಮಾತ್ರ ಎರಡೂ ಕಡೆಯವರು ಅದರ ಬದಿಯ ಒಂದೇ ಮತ್ತಿಮರದ ನೆರಳಿನಲ್ಲಿ ಕೂತು ಗಂಜಿ ಕುಡಿದಿದ್ದರು. ಮೈದಾನ ಹೋದರೆ ಆ ನೆರಳೂ ಹೋಗುತ್ತದೆ ಎಂಬ ಭಯ ನನ್ನನ್ನು ಊಟ ಮಾಡಗೊಡುತ್ತಿರಲಿಲ್ಲ.

ನೆಲ ಮಟ್ಟ ಮಾಡಿಸಿದವನು ಬೆಳ್ಳಪ್ಪ, ಮುಳುಗಡೆಯಿಂದ ಬಂದವನು. ನಾಲ್ಕು ಎಕರೆ ಗದ್ದೆಯನ್ನು ನೀರಿಗೆ ಕೊಟ್ಟು ಈಗ ಕೂಲಿಗೆ ಹೋಗುತ್ತಿದ್ದ. ಬರಿಗಾಲಿನಲ್ಲಿ ನಡೆದೇ ನೆಲದ ತಗ್ಗುದಿಣ್ಣೆ ಹೇಳಬಲ್ಲವನು. ಮೇ ತಿಂಗಳ ಕೊನೆಯ ವಾರ ನಾನು ಶಿಕ್ಷಕರ ಶಿಬಿರಕ್ಕೆಂದು ಹೊಸನಗರಕ್ಕೆ ಹೋಗಿದ್ದೆ. ಮರಳಿ ಬರುವಷ್ಟರಲ್ಲಿ ಅವನು ಅಂಚು ಕಟ್ಟಿ ಮುಗಿಸಿದ್ದ. ಆ ವಾರದ ಭಾನುವಾರದಿಂದ ಮಳೆ ಹಿಡಿಯಿತು.

ಮಂಡಲಿಯ ಅಧ್ಯಕ್ಷ ಮಂಜುನಾಥಪ್ಪ ಅಂಗಡಿಯ ಬಾಗಿಲು ಎಳೆದು ಕೊಡೆ ಹಿಡಿದು ಬಂದ.

“ಮೇಷ್ಟ್ರೇ, ನಾಳೆ ಸಾಹೇಬ್ರಿಗೆ ಎಂತ ತೋರಿಸ್ತೀರಿ? ವಾಲಿಬಾಲಾ, ಸಸಿಮಡಿನಾ?”

ಅಂಚಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತಿದ್ದ ಬೆಳ್ಳಪ್ಪ ತಿರುಗಿಯೂ ನೋಡದೆ ಹೇಳಿದ: “ಏಡಿ ಹಿಡಿಯೋ ಪಂದ್ಯ ಇಡಾನ ಬಿಡಿ ಸೌಕಾರ್ರೇ. ಫಸ್ಟ್ ಪ್ರೈಜು ನಂಗೆ. ನಿಮಗೆ ಏಡಿ ಕಚ್ಚಿದ್ದಕ್ಕೆ ಸಮಾಧಾನದ ಬಹುಮಾನ.”

ಅವನು ನಗುತ್ತಿದ್ದ. ಊರಿಗೆ ಬಂದ ಮೇಲೆ ಅವನು ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಮಂಜುನಾಥಪ್ಪ ನನ್ನನ್ನು ಮತ್ತಿಮರದ ಕೆಳಗೆ ಕರೆದೊಯ್ದ. “ಕಡಿ ಅಂತ ಅವನಿಗೆ ಹೇಳೋರ್ಯಾರು? ವರ್ಷ ಆದ್ಮೇಲೆ ಒಂದು ಅಂಚು ಕಟ್ಟಿದಾನೆ. ಬೇರೆಯೋರು ಗುದ್ದಲಿ ಇಡಂಗಿಲ್ಲ, ಗೊತ್ತಲ್ಲ?”

“ಇಟ್ಟರೆ?”

“ನೀವು ತೀರ್ಥಳ್ಳಿಯೋರು, ನಿಮಗೆಲ್ಲಿಂದ ಗೊತ್ತಿರತ್ತೆ. ನೀರು ನಿಂತ ಅಂಚು ಕಡಿದೋನು ಕುಯ್ಲಾಗಿ ಹೊಸಕ್ಕಿ ಊಟ ಆಗೋ ತನಕ ಕಟ್ಟಿದೋನ ಹೊಸಿಲು ದಾಟಂಗಿಲ್ಲ. ಅಣ್ಣತಮ್ಮಂದಿರಿಗೂ ಬಿಟ್ಟಿಲ್ಲ ನಮ್ಮಲ್ಲಿ.”

ನಾನು ಹೋಗಿ ಬೆಳ್ಳಪ್ಪನ ಪಕ್ಕದಲ್ಲಿ ಕೂತೆ. ಜೇಬಿನ ಕಾಗದಕ್ಕೆ ಕೈ ಹಾಕಿದೆ.

“ಬೆಳ್ಳಪ್ಪ, ನಾಳೆ ಅಧಿಕಾರಿಗಳು ಬರ್ತಾರೆ.”

“ಬರ್ಲಿ. ನೋಡ್ಲಿ.” ಅವನು ನೀರಿಗೆ ಬೆರಳದ್ದಿ ತೆಗೆದ. “ಹೆಂಗೆ ಕೂತಿದೆ ನೋಡಿ ನೀರು.”

ಅವನ ಮುಖದ ಮೇಲೆ ನೀರಿನ ಬೆಳಕಿತ್ತು. ಆ ಬೆಳಕಿನೆದುರು ಕಾಗದ ಬಿಚ್ಚಲು ನನ್ನಿಂದಾಗಲಿಲ್ಲ. ಜೇಬಿನಿಂದ ಬರಿಗೈ ಹೊರಬಂತು.

ಗುರುವಾರ ಬೆಳಕು ಹರಿಯುತ್ತಲೇ ಶಾಲೆಯ ಕೈತೋಟದ ಗುದ್ದಲಿ ಹಿಡಿದು ಹೊರಟೆ. ದಾರಿಯುದ್ದಕ್ಕೂ ಯಾರೋ ಕರೆದಂತೆ ತಿರುಗಿ ತಿರುಗಿ ನೋಡಿದೆ. ರಸ್ತೆಯ ಕಡೆಯ ಅಂಚೇ ಹತ್ತಿರವಾಗಿತ್ತು. ಅದರ ನಟ್ಟನಡುವೆ ಕಡಿದೆ. ನಾಲ್ಕನೆಯ ಏಟಿಗೆ ನೀರು ನನ್ನ ಕೈಯಿಂದ ಕೆಲಸ ಕಿತ್ತುಕೊಂಡಿತು. ಗೇಣಗಲದ ಬಾಯಿ ಮಾರಗಲವಾಯಿತು. ಬೇಸಗೆಯಿಡೀ ಬುಟ್ಟಿಬುಟ್ಟಿಯಾಗಿ ಹೊತ್ತು ಹಾಕಿದ ಕೆಮ್ಮಣ್ಣು ನನ್ನ ಕಾಲ ಮೇಲೆಯೇ ಹಾದು ರಸ್ತೆಗಿಳಿಯಿತು. ಕಲ್ಲು ತಂದಿಟ್ಟೆ, ಸೊಪ್ಪು ತುರುಕಿದೆ, ಏನೂ ನಿಲ್ಲಲಿಲ್ಲ. ಎಂಟು ಗಂಟೆಯ ಹೊತ್ತಿಗೆ ಎಡಗಂಬದ ಬುಡದಿಂದ ರಸ್ತೆಯವರೆಗೆ ಮೊಣಕಾಲಾಳದ ಕೊರಕಲು ಬಿದ್ದಿತ್ತು. ಕಂಬ ವಾಲಿತ್ತು.

ಅಧಿಕಾರಿ ರಸ್ತೆಯಲ್ಲೇ ಕೊಡೆ ಹಿಡಿದು ನಿಂತರು.

“ಇದೇನ್ರೀ ಇಷ್ಟುದ್ದ ಗಟಾರ?”

“ಮಳೆ ಜೋರಿತ್ತು ಸರ್.”

“ನೀರು ಕಟ್ಟಿರಲಿಲ್ಲ ತಾನೆ?”

“ಇಲ್ಲ ಸರ್.”

ಅವರು ವಾಲಿದ ಕಂಬವನ್ನೂ ನನ್ನ ಕೆಸರುಗಾಲನ್ನೂ ನೋಡಿದರು. ಆಮೇಲೆ ಪುಸ್ತಕದಲ್ಲಿ ‘ಆಟದ ಮೈದಾನ, ಮಳೆಯಿಂದ ಭಾಗಶಃ ಹಾನಿ’ ಎಂದು ಬರೆದು ನನ್ನ ಸಹಿ ಹಾಕಿಸಿಕೊಂಡರು.

ಮೈದಾನ ಉಳಿಯಿತು.

ಬೆಳ್ಳಪ್ಪ ಮುಂಜಾನೆಯೇ ಊರಿನ ಆಚೆ ಬದಿಯ ಗದ್ದೆಗೆ ಕೂಲಿಗೆ ಹೋಗಿದ್ದ. ಮಧ್ಯಾಹ್ನ ಅವನು ಉಣ್ಣಲು ಬರುವ ಹೊತ್ತು ನೋಡಿಕೊಂಡು ಅವನ ಮನೆಗೆ ಹೋದೆ. ಸೋಗೆ ಹೊದಿಸಿದ ಮಣ್ಣಿನ ಮನೆ. ಬಾಗಿಲು ಮಾತ್ರ ಹಲಸಿನ ಮರದ್ದು, ಮುಳುಗಿದ ಮನೆಯಿಂದ ಚೌಕಟ್ಟಿನ ಸಮೇತ ಕಿತ್ತು ತಂದದ್ದು, ಆ ಗೋಡೆಗೆ ಹೆಚ್ಚು ಎತ್ತರ. ಅವನ ಹೆಂಡತಿ ಹೂವಮ್ಮ ಚಾಪೆ ಹಾಸಿದಳು.

“ಮೈದಾನ ಉಳೀತು ಬೆಳ್ಳಪ್ಪ.”

“ಒಳ್ಳೇದಾತು. ನೀರು ನೋಡಿ ಏನಂದ್ರು?”

“ನೀರಿರಲಿಲ್ಲ. ಬೆಳಿಗ್ಗೆ ನಾನು ಅಂಚು ಕಡಿದೆ.”

ಮಜ್ಜಿಗೆ ಬಗ್ಗಿಸುತ್ತಿದ್ದ ಹೂವಮ್ಮನ ಕೈ ನಿಂತಿತು. ಬೆಳ್ಳಪ್ಪ ತುತ್ತನ್ನು ಬಟ್ಟಲಿಗೆ ಬಿಟ್ಟ.

“ಎಲ್ಲಿ ಕಡಿದ್ರಿ?”

“ರಸ್ತೆ ಕಡೆ. ನಡುವೆ.”

ಅವನು ಕಣ್ಣು ಮುಚ್ಚಿದ. ನಾನು ಹೇಳದಿದ್ದ ಕೊರಕಲನ್ನು ಒಳಗೇ ನೋಡುತ್ತಿದ್ದನೆಂದು ತೋರುತ್ತದೆ. “ಮೂಡ್ಲ ಮೂಲೇಲಿ ಅಂಚಿನಡಿಗೆ ದಂಬೆ ಇಟ್ಟಿದ್ದೆ ಮೇಷ್ಟ್ರೇ. ಅಡಿಕೆಮರ ಸೀಳಿ, ತಿರುಳು ತೆಗೆದು. ಬಾಯಿಗೆ ಜೇಡಿಮಣ್ಣು ಮೆತ್ತಿದ್ದೆ. ಒಂದು ಸಲ ಒದ್ದಿದ್ರೆ ಎರಡು ಗಂಟೇಲಿ ನೀರೆಲ್ಲ ಹಳ್ಳಕ್ಕೆ ಹೋಗ್ತಿತ್ತು.”

“ಮತ್ತೆ ನೀರು ಯಾಕೆ ನಿಲ್ಲಿಸಿದ್ದು?”

“ಹೊಸಮಣ್ಣಲ್ವಾ. ನಾಕು ದಿನ ನೀರು ಕುಡಿದ್ರೆ ಕೂರತ್ತೆ. ಇಲ್ಲಾಂದ್ರೆ ಆಡೋರ ಕಾಲು ಹುಗೀತಾವೆ. ಇವತ್ತು ಬಿಚ್ಚಾನ ಅಂತಿದ್ದೆ. ಅಂಚೂ ಮಳೆಗಾಲದ ಮಟ್ಟಿಗೆ ಅಷ್ಟೇಯ.”

“ಒಂದು ಮಾತು ಹೇಳಬಾರದಿತ್ತಾ?”

“ನೀವು ಕೇಳಬಾರದಿತ್ತಾ? ನಿನ್ನೆ ಪಕ್ಕದಲ್ಲೇ ಕೂತಿದ್ರಲ್ಲ.”

ನಾನು ಕಾಗದ ತೆಗೆದು ಓದಿದೆ. ಒಂದು ದಿನ ತಡವಾಗಿ ಓದಿದ ಕಾಗದ. ಅವನು ಕೊನೆಯವರೆಗೂ ಕೇಳಿಸಿಕೊಂಡ.

“ಇದನ್ನ ನಿನ್ನೆ ಓದಿದ್ರೆ ನಿನ್ನೆ ಸಂಜೇನೇ ದಂಬೆ ಒದೀತಿದ್ದೆ. ನೀವು ಓದಲಿಲ್ಲ. ಬೆಳ್ಳಪ್ಪಂಗೆ ಗದ್ದೆ ಹುಚ್ಚು, ಎಲ್ಲಿ ನೀರು ಕಂಡ್ರೂ ಗದ್ದೆ ಅಂತಾನೆ ಅಂದ್ಕೊಂಡ್ರಿ.” ಅವನ ದನಿ ಏರಲಿಲ್ಲ. “ನನ್ನ ಗದ್ದೆ ಎಲ್ಲೈತೆ ಅಂತ ನಂಗೆ ಗೊತ್ತು ಮೇಷ್ಟ್ರೇ. ಮೈದಾನ ಯಾವುದು ಅಂತಾನೂ ಗೊತ್ತು.”

ಎದ್ದು ನಿಂತೆ. ತಲೆ ಸೂರಿನ ಗಳಕ್ಕೆ ತಾಗಿತು. ಅವನೂ ಎದ್ದ, ಎಂಜಲುಗೈಯಲ್ಲೇ ಬಾಗಿಲವರೆಗೆ ಬಂದ.

“ನಾಳೆ ಬತ್ತೀನಿ. ಕೊರಕಲು ತುಂಬಬೇಕು, ಕಂಬ ನೆಟ್ಟಗೆ ಮಾಡ್ಬೇಕು. ಕೆಲಸಕ್ಕೆ ಬತ್ತೀನಿ. ಮಾತಿಗಲ್ಲ.”

ಒಳಗಿನಿಂದ ಹೂವಮ್ಮ ಮೆಲ್ಲಗೆ ಹೇಳಿದಳು: “ಹೊಸಕ್ಕಿ ಊಟಕ್ಕೆ ಬನ್ನಿ ಮೇಷ್ಟ್ರೇ.”

ಗದ್ದೆಯಿಲ್ಲದ ಮನೆಯಲ್ಲಿ ಯಾವ ಗದ್ದೆಯ ಹೊಸಕ್ಕಿ ಎಂದು ನಾನು ಕೇಳಲಿಲ್ಲ. ಹೊಸಿಲು ದಾಟಿದೆ. ಅಂಗಳದ ಕೆಸರಿನಲ್ಲಿ ಎರಡು ಹೆಜ್ಜೆ ಇಟ್ಟಿರಬಹುದು, ಹಲಸಿನ ಬಾಗಿಲು ಬೆನ್ನ ಹಿಂದೆ ನಿಧಾನವಾಗಿ ಮುಚ್ಚಿಕೊಂಡಿತು.