ಅವ್ವನ ಉಡಿಯ ಗುಳಿಗೆ

"ಆಕಿ ಗುಳಿಗಿ ಎಲ್ಲಿ ಅದಾವ? ಅವನ್ನೂ ಉಡ್ಯಾಗ ಇಡೂಣು. ಅಲ್ಲಿಗೆ ಹೋದಮ್ಯಾಲರೆ ತಲಿ ನೆಟ್ಟಗಿರ್ಲಿ!"

ನೆರೆಮನೆಯ ಯಂಕವ್ವ ಹೀಗೆನ್ನುತ್ತ ಮಾನಮ್ಮನ ಹೆಣದ ಉಡಿಯಲ್ಲಿ ಎಲೆ, ಅಡಿಕೆ, ತಂಬಾಕಿನ ಚೀಲ ಇಡುತ್ತಿದ್ದಳು. ಸತ್ತವರ ಬಳಕೆಯ ವಸ್ತುಗಳನ್ನು ಅವರ ಜೊತೆಗೇ ಹೂಳುವುದು ಅವರ ಪದ್ಧತಿ. ಇಟ್ಟಂಗಿ ಹೊರುತ್ತಿದ್ದ ಮಾನಮ್ಮನಿಗೆ ಹುಚ್ಚು ಎಂಬುದು, ದುಡಿಯಲು ಬಂದ ಮರಾಠಿ ನಾಡಿನ ಕೊಂಢವಾದಲ್ಲಿನ ಆ ತಗಡಿನ ಪತ್ರಾ ಶೆಡ್ಡುಗಳಿಗೆಲ್ಲ ಗೊತ್ತು.

ಕಿರಿಮಗಳು ಸೋನಾಲಿ ಗೂಡಿನಲ್ಲಿದ್ದ ಡಬ್ಬಿ ನೋಡಿದಳು. ಗುಳಿಗೆ ಅವ್ವನದಲ್ಲ, ಅಕ್ಕ ಅನುಸೂಯಾಳದು. ಅಕ್ಕ ಮೂಲೆಯಲ್ಲಿ ಸೆರಗು ಹಿಂಡುತ್ತ ಕೂತಿದ್ದಳು. ಹೂತು ಹೋಗಲಿ ಬಿಡು, ಎಂದುಕೊಂಡಳು ಸೋನಾಲಿ.

*

ಆರು ವರ್ಷದ ಹಿಂದೆ, ಹದಿನಾರರ ಅಕ್ಕ ನಿದ್ದೆ ಬಿಟ್ಟು ಗೋಡೆಯ ಜೊತೆ ಮಾತಾಡತೊಡಗಿದ್ದಳು. ಅವಳನ್ನು ದವಾಖಾನೆಗೆ ತೋರಿಸಿ ಬಂದ ಅವ್ವ ನಳದ ಕಟ್ಟೆಯಲ್ಲಿ ಸಾರಿದಳು: "ಗುಳಿಗಿ ನನಗ ಕೊಟ್ಟಾರ್ರೀ. ನಂದs ತಲಿ ಕೆಟ್ಟದ." ಹುಡುಗಿಯ ಹೆಸರು ಕೆಡಬಾರದಲ್ಲ!

ಪ್ರತಿ ಗುರುವಾರ ಕೆಲಸ ಬಿಟ್ಟು ಅಕ್ಕನ ಜೊತೆ ದವಾಖಾನೆ. ದಿನಾ ಗುಳಿಗೆ, ಮೇಲೊಂದು ಚೂರು ಬೆಲ್ಲ, ಅದೂ ಅವ್ವನ ಕೈಯಿಂದಲೇ.

"ನನಗ ಬೆಲ್ಲ?" ಸೋನಾಲಿ ಕೇಳುತ್ತಿದ್ದಳು.

"ನಿನಗೇನಾಗೇದ? ಗುಂಡಕಲ್ಲಿನಂಗ ಅದೀ."

ಶಾಲೆಯಲ್ಲಿ ಗೆಳತಿ ಇಂದೂ, "ತುಝಿ ಆಈ ವೇಡಿ ಆಹೇ ನಾ?" ಎಂದು ಅವ್ವನನ್ನು ಹುಚ್ಚಿಯೆಂದು ಹಂಗಿಸಿ ನಕ್ಕಾಗ ಅವಮಾನ ಸೋನಾಲಿಯ ಪಾಲಿಗೆ, ಬೆಲ್ಲ ಅಕ್ಕನ ಪಾಲಿಗೆ. ಹೊಟ್ಟೆಕಿಚ್ಚಿಗೆ, ತನಗೂ ಹುಚ್ಚು ಹಿಡಿಯಬಾರದೇ ಎಂದು ಎಷ್ಟು ಸಲ ಹಂಬಲಿಸಿದ್ದಳೋ.

*

ಯಂಕವ್ವ ಡಬ್ಬಿ ಇಳಿಸಿದಳು. ಸೋನಾಲಿಗೆ ನೆನಪಾಯಿತು: ಹಿಂದೊಮ್ಮೆ ಕೆಲವು ದಿನ ಗುಳಿಗೆ ತಪ್ಪಿದಾಗ ಅಕ್ಕ, ಅವ್ವ ಇಟ್ಟಂಗಿ ಹೊರುತ್ತಿದ್ದ ಅರೆಕಟ್ಟಿದ ಬಿಲ್ಡಿಂಗಿನ ಐದನೇ ಮಾಳಿಗೆಯ ಅಂಚಿಗೆ ಹೋಗಿ ನಿಂತಿದ್ದಳು. ಕೆಳಗೆ ಅವ್ವ ಮಣ್ಣಿನಲ್ಲಿ ಹೊರಳಿ ಅತ್ತಿದ್ದಳು. ಈಗ ಬಾಗಿಲಲ್ಲಿ ಇಂದೂ ಕೂಡ ನಿಂತಿದ್ದಾಳೆ. ಗುಳಿಗೆ ಯಾರದೆಂದು ಹೇಳಿದರೆ ಇಡೀ ಓಣಿಗೆ ತಿಳಿಯುತ್ತದೆ.

"ಇಡಬ್ಯಾಡ್ರಿ ಯಂಕವ್ವಾಯಿ!" ಸೋನಾಲಿ ಕಿರುಚಿದಳು. "ಅವು ಅಕ್ಕನ ಗುಳಿಗಿ. ಅವ್ವಗ ಏನೂ ಆಗಿರಲಿಲ್ಲ."

ಅಳುತ್ತಿದ್ದ ಹೆಂಗಸರೆಲ್ಲ ಮೂಲೆಯತ್ತ ತಿರುಗಿದರು.

"ಹೌದ್ರಿ," ಅಂದಳು ಅನುಸೂಯಾ, ತಲೆ ಎತ್ತಿ. "ನನ್ನವು."

"ಯವ್ವಾ ಶಿವನs! ಸಾಯೋತನಾ ಹುಚ್ಚಿ ಅನಿಸ್ಕೊಂಡ್ಳಲ್ಲ ಈಕಿ!" ಯಂಕವ್ವ ಡಬ್ಬಿಯನ್ನು ಸೋನಾಲಿಯ ಕೈಗಿಟ್ಟು ಮಾನಮ್ಮನ ಗಲ್ಲ ಸವರಿದಳು. ಇಂದೂ ಒಳಗೆ ಬಂದು ಅನುಸೂಯಾಳ ಪಕ್ಕ ಕೂತಳು.

ಹೆಣ ಎತ್ತುವ ಮೊದಲು ಸೋನಾಲಿ ಅಕ್ಕನಿಗೆ ಗುಳಿಗೆ ನುಂಗಿಸಿದಳು. ಬೆಲ್ಲದ ಚೂರನ್ನು ಮಾತ್ರ ಮೊದಲು ತನ್ನ ಬಾಯಿಗೇ ಹಾಕಿಕೊಂಡಳು. ಕಟಕ್ಕನೆ ಕಡಿದು, ಉಳಿದ ಅರ್ಧವನ್ನು ಅಕ್ಕನ ತುಟಿಗೆ ಹಿಡಿದಳು.