ಒಗ್ಗರಣೆ ಬಿಟ್ಟ ಡಾಕ್ಟರು

ಹನೂರಿನಿಂದ ಕೊಳ್ಳೇಗಾಲಕ್ಕೆ ನಾನು ಜೀಪು ಓಡಿಸಿದರೆ, ನಾನು ತಲುಪಿ ಕಾಫಿ ಕುಡಿದು ಮುಗಿಸಿದ ಮೇಲೆ ಹಿಂದಿನ ಧೂಳು ಏಳುತ್ತಿತ್ತು. ಯಳಂದೂರಿನಲ್ಲಿ ಹಾರನ್ ಒತ್ತಿದರೆ ಬಿಳಿಗಿರಿರಂಗನ ಬೆಟ್ಟದ ಆನೆಗಳು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದವು. ಇಂಥ ನನ್ನನ್ನು, ಈ ಪುಟ್ಟಮಾದಪ್ಪನನ್ನು, ಎಪ್ಪತ್ತೊಂದನೇ ಇಸವಿಯಲ್ಲಿ ಸರ್ಕಾರ ಒಬ್ಬ ಡಾಕ್ಟರಿಗೆ ಡ್ರೈವರಾಗಿ ಕೊಟ್ಟಿತೆಂದರೆ, ಆ ಡಾಕ್ಟರ ಪುಣ್ಯ ಎಷ್ಟು ದೊಡ್ಡದಿರಬೇಕು ನೀವೇ ಯೋಚಿಸಿ.

ಅವರ ಹೆಸರು ಶಿವರುದ್ರಸ್ವಾಮಿ, ಮೈಸೂರಿನವರು. ಹನೂರಿನ ಹೆರಿಗೆ ವಾರ್ಡಿನ ಪಕ್ಕದ ಹೆಂಚಿನ ಕೋಣೆಯಲ್ಲಿ ಮೈಕ್ರೋಸ್ಕೋಪು, ಗಾಜಿನ ಸೀಸೆಗಳು, ಸದಾ ಬೆಚ್ಚಗಿರುವ ಒಂದು ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದರು. ಪ್ರಪಂಚದಲ್ಲಿ ಇನ್ಯಾರಿಗೂ ಬೇಡವಾದ ಒಂದು ಪ್ರಶ್ನೆ ಅವರ ತಲೆ ತಿನ್ನುತ್ತಿತ್ತು. ದೊಡ್ಡವರ ರಕ್ತದ ಬಿಳಿ ಕಣಕ್ಕೆ ವೈರಸ್ ತಗುಲಿದರೆ ಅದು ಒಂದು ರಸ ಬಿಡುತ್ತದಂತೆ, ಕಳ್ಳ ನುಗ್ಗಿದ ಮನೆಯವನು ಕೂಗಿಕೊಂಡ ಹಾಗೆ. ಆ ಕೂಗು ಕೇಳಿ ಅಕ್ಕಪಕ್ಕದ ಕಣಗಳು ಬಾಗಿಲು ಹಾಕಿಕೊಳ್ಳುತ್ತವಂತೆ. ಈಗಷ್ಟೇ ಹುಟ್ಟಿದ ಮಗುವಿನ ಕಣಕ್ಕೆ ಹಾಗೆ ಕೂಗಲು ಬರುತ್ತದೋ ಇಲ್ಲವೋ? ತಿಳಿಯಲು ಮಗುವಿಗೆ ಚುಚ್ಚಬೇಕಾಗಿಲ್ಲ, ಕತ್ತರಿಸಿದ ಹೊಕ್ಕುಳಬಳ್ಳಿಯಲ್ಲಿ ಉಳಿಯುವ ರಕ್ತವೇ ಸಾಕು. ಇದೆಲ್ಲ ನನಗೆ ಅವರಿಗಿಂತ ಮೊದಲೇ ಅರ್ಥವಾಗಿತ್ತು. ಓದಿದವರು, ನೊಂದುಕೊಂಡಾರು ಎಂದು ಸುಮ್ಮನಿದ್ದೆ.

ಮೊದಲ ಬಳ್ಳಿ ಸಿಕ್ಕಿದ್ದು ಬಂಡಳ್ಳಿಯ ಶಿವರತ್ನಮ್ಮನ ಗಂಡುಮಗುವಿನದು. ಅದರ ಜೊತೆಗೆ ಅವಳ ತಾಯಿ ಚನ್ನಾಜಮ್ಮನೂ ಸಿಕ್ಕಿದಳು. ಸಿಡುಬು ಬಾರದಂತೆ ದಾಕು ಹಾಕಲು ಊರಿಗೆ ಬಂದವರನ್ನು ಒನಕೆ ಹಿಡಿದು ಅಟ್ಟಿದ ಹೆಂಗಸು ಅವಳು. ಒಬ್ಬನಂತೂ ಓಡಿದ ರಭಸಕ್ಕೆ ಮಾರ್ಟಳ್ಳಿ ದಾಟಿ, ತಮಿಳು ಕಲಿತು, ಅಲ್ಲೇ ಸಂಸಾರ ಹೂಡಿದ. ಆದರೆ ಅವಳ ಸಿಟ್ಟಿಗೆ ಕಾರಣವಿತ್ತು. ಮೊದಲನೇ ಮೊಮ್ಮಗಳನ್ನು ಅಮ್ಮ, ಅಂದರೆ ಸಿಡುಬು, ಕರೆದುಕೊಂಡು ಹೋಗಿದ್ದಳು. ದೊಡ್ಡವರೇ ತಾಳದ ಆ ತಾಯಿಯನ್ನು ಸೂಜಿಯಲ್ಲಿ ಹೊತ್ತು ತಂದು ಎಳೆಗೂಸಿನ ಮೈಮೇಲೆ ಬಿಟ್ಟರೆ ಆ ಮೈಗೆ ಏನು ಗೊತ್ತಾಗುತ್ತದೆ ಎಂದು ಅವಳು ಕೇಳುತ್ತಿದ್ದಳು. ಉಳಿದಿರುವುದು ಇದೊಂದೇ ಕೂಸು. ಇದಕ್ಕೂ ದಾಕು ಕೂಡದೆಂದು ಬಂದ ಗಳಿಗೆಯಲ್ಲೇ ಸಾರಿಬಿಟ್ಟಿದ್ದಳು.

ಡಾಕ್ಟರು ಸಮಾಧಾನವಾಗಿ ವಿವರಿಸಿದರು. ದಾಕಿನಲ್ಲಿರುವ ವೈರಸ್ಸನ್ನು ಮಗುವಿಗೆ ಹಾಕುವುದಿಲ್ಲ, ಬಳ್ಳಿಯ ರಕ್ತದ ಕಣಗಳಿಗೆ ಸೀಸೆಯಲ್ಲೇ ತಗುಲಿಸುತ್ತೇವೆ, ಅವು ಕಳ್ಳನನ್ನು ಕಂಡವರಂತೆ ಕೂಗಿ ಅಕ್ಕಪಕ್ಕದವರ ಬಾಗಿಲು ಹಾಕಿಸುತ್ತವೋ ಇಲ್ಲವೋ ಆಗ ಗೊತ್ತಾಗುತ್ತದೆ. ಚನ್ನಾಜಮ್ಮ ಅಗಿಯುತ್ತಿದ್ದ ಎಲೆಯಡಿಕೆಯನ್ನು ದವಡೆಗೆ ಸರಿಸಿದಳು.

"ನಮ್ ಕೂಸಿನ್ ರಕ್ತ, ಅದರೊಳಕ್ಕೆ ಅಮ್ಮ. ಅಂದ್ಮೇಕೆ ಇದು ಅಮ್ಮ ಬಂದಿರೋ ಮನೆ ಆಯ್ತು ಕಣಪ್ಪ. ವಗ್ಗರಣೆ ಆಕಂಗಿಲ್ಲ, ಚೌರ ಮಾಡಿಸ್ಕಳಂಗಿಲ್ಲ, ಮೆಟ್ಟು ಮೆಟ್ಟಂಗಿಲ್ಲ. ಒಪ್ಪೋದಾದ್ರೆ ತಕ್ಕೋ."

ಡಾಕ್ಟರು ನಕ್ಕು ಒಪ್ಪಿದರು. ಪಾಪ, ಬಿಳಿಯರ ಸೀಮೆಯಲ್ಲಿ ಓದಿ ಬಂದವರು. ಒಪ್ಪಿಕೊಂಡರೆ ಸಾಕು, ಪಾಲಿಸಬೇಕಾಗಿಲ್ಲ ಎಂದುಕೊಂಡಿದ್ದರು.

ಸಂಜೆಯೊಳಗೆ ಕೋಣೆಯ ಬಾಗಿಲಿಗೆ ಬೇವಿನಸೊಪ್ಪು ಬಂತು, ಹೊಸ್ತಿಲ ಮೇಲೆ ಚನ್ನಾಜಮ್ಮ ಬಂದಳು. ಆಸ್ಪತ್ರೆಯ ಅಡುಗೆಯವನಿಗೂ ಅವಳ ಅಪ್ಪಣೆ ತಲುಪಿತು. ಆಮೇಲೆ ನಾವು ಉಂಡ ಸಾರಿನ ರುಚಿ ಕೇಳಬೇಡಿ, ಕಾವೇರಿಯಲ್ಲಿ ಯಾರೋ ಒಂದು ಬೇಳೆ ಬೀಳಿಸಿದ್ದರು ಎನ್ನಿ. ಡಾಕ್ಟರ ಕೆನ್ನೆಯ ಮೇಲೆ ಬೆಳೆದ ಗಡ್ಡದಲ್ಲಿ ಗುಬ್ಬಿ ಗೂಡು ಕಟ್ಟಬಹುದಿತ್ತು.

ಕೆಲಸವೇನೋ ನಡೆಯಿತು. ಬಳ್ಳಿರಕ್ತದ ಕಣಗಳಿಗೆ ವೈರಸ್ ತಗುಲಿಸಿ, ಅವು ಬಿಟ್ಟ ರಸವನ್ನು ಸೋಸಿ, ಅದರಲ್ಲಿ ಉಳಿದ ವೈರಸ್ ಕೊಂದರು. ಮೈಸೂರಿನಿಂದ ತಂದ ಎರಡು ಸೀಸೆಗಳಲ್ಲಿ ಮನುಷ್ಯನ ಜೀವಂತ ಕಣಗಳು ಬೆಳೆದಿದ್ದವು. ಒಂದಕ್ಕೆ ಮಾತ್ರ ಆ ರಸ ಹಾಕಿ, ಆಮೇಲೆ ಎರಡಕ್ಕೂ ಹೊಸದಾಗಿ ವೈರಸ್ ಬಿಟ್ಟರು. ಕೂಗು ಕೇಳಿಸಿಕೊಂಡ ಸೀಸೆ ಬದುಕಬೇಕು, ಕೇಳದ್ದು ಸಾಯಬೇಕು.

ಫಲ ನೋಡಬೇಕಾದ ದಿನ ಬೆಳಿಗ್ಗೆ ಡಾಕ್ಟರಿಗೆ ಇದ್ದಕ್ಕಿದ್ದಂತೆ ಕೊಳ್ಳೇಗಾಲದ ಐಸು ಬೇಕಾಯಿತು. ಐಸಿನ ಅಂಗಡಿ ಹೋಟೆಲಿನ ಎದುರಿಗಿದ್ದದ್ದು ನನ್ನ ತಪ್ಪೇ? ಅವರು ಚಿತ್ರಾನ್ನದ ಮುಂದೆ ಕಣ್ಣುಮುಚ್ಚಿ ಕೂತದ್ದು ನೋಡಿದರೆ ಲಿಂಗಪೂಜೆಗೆ ಕೂತ ಜಂಗಮರ ಹಾಗಿತ್ತು. ಅವರೊಬ್ಬರೇ ತಿನ್ನುವ ಸಂಕಟ ನೋಡಲಾರದೆ ನಾನೂ ಒಂದಿಷ್ಟು, ಬರೀ ಒಂದು ಬೋಸಿಯಷ್ಟು, ತಿಂದೆ.

ಹಿಂತಿರುಗಿದಾಗ ಚನ್ನಾಜಮ್ಮ ಹೊಸ್ತಿಲಿಂದ ಏಳಲಿಲ್ಲ. ಡಾಕ್ಟರ ಗಡ್ಡವನ್ನೇ ನೋಡಿದಳು.

"ಸಾಸ್ವೆ ಕಾಳು," ಎಂದಳು. "ಅಸೀದಲ್ಲ, ಸಿಡ್ದಿರೋದು."

ಡಾಕ್ಟರು ಗಡ್ಡ ಕೊಡವಿಕೊಂಡರು. ಈಗಲೇ ನೋಡದಿದ್ದರೆ ಎರಡೂ ಸೀಸೆ ಸಾಯುತ್ತವೆ, ಇಷ್ಟು ದಿನದ ಕೆಲಸ ಮಣ್ಣುಪಾಲು ಎಂದು ಬೇಡಿಕೊಂಡರು. ಅವಳು ಬಾವಿಯ ಕಡೆ ಬೆರಳು ತೋರಿಸಿದಳು. ಸೀಮೆಯ ಡಿಗ್ರಿಯವರು ತಲೆಯ ಮೇಲೆ ನೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲಿ ನಡುಗುತ್ತ ಬಂದು ಕೈಮುಗಿದರು.

"ನೀನೂ ಓಗ್ಲಾ," ಎಂದಳು ನನಗೆ. ನನ್ನ ಗಡ್ಡದಲ್ಲಿ ಏನೂ ಇರಲಿಲ್ಲ. ಆದರೂ ಹೋದೆ.

ಡಾಕ್ಟರು ಮೈಕ್ರೋಸ್ಕೋಪಿಗೆ ಕಣ್ಣಿಟ್ಟಾಗ ಚನ್ನಾಜಮ್ಮನ ಬಾಯಲ್ಲಿ ಎಲೆಯಡಿಕೆ ಅಗಿಯುವುದು ನಿಂತುಹೋಯಿತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಹಗ್ಗ ಮಾಡಿದ್ದಳು. ಆಗ ಮಾತ್ರ ನನಗೆ ತಮಾಷೆ ಮಾಡಬೇಕೆನ್ನಿಸಲಿಲ್ಲ.

ಅವರು ಸರಿದು ಅವಳಿಗೂ ತೋರಿಸಿದರು. ಒಂದು ಸೀಸೆ ಜನ ಬಿಟ್ಟುಹೋದ ಊರು, ಬರೀ ತೂತು. ಮೊಮ್ಮಗನ ರಸ ಬಿದ್ದ ಇನ್ನೊಂದರಲ್ಲಿ ಒತ್ತೊತ್ತಾಗಿ ಮನೆಗಳು ನಿಂತೇ ಇದ್ದವು.

"ಕೂಗಿದೆ ಅಜ್ಜಿ," ಎಂದರು ಡಾಕ್ಟರು. "ಆದ್ರೆ ಸುಳ್ಳು ಹೇಳಲ್ಲ. ಕೂಗಿದ ಮಾತ್ರಕ್ಕೆ ಅಮ್ಮ ಬಂದ್ರೆ ಗೆಲ್ತಾನೆ ಅಂತಲ್ಲ. ಕಳ್ಳನ ಮುಖದ ಗುರುತು ಇನ್ನೂ ಕಲೀಬೇಕು. ಅದನ್ನ ಕಲಿಸೋದೇ ದಾಕು."

ಅವಳು ಇನ್ನೊಮ್ಮೆ ಬಗ್ಗಿ ನೋಡಿದಳು. ಆಮೇಲೆ ಎದ್ದು ಹೋಗಿ ಮಗುವನ್ನು ಎತ್ತಿಕೊಂಡು ಬಂದು, ಬಟ್ಟೆ ಸರಿಸಿ ಪುಟ್ಟ ತೋಳನ್ನು ಮುಂದಕ್ಕೆ ಹಿಡಿದಳು.

"ಏನೂ ತಿಳೀದ ಮೈ ಅಂದ್ಕಂಡಿದ್ದೆ. ಆಕು. ಆದ್ರೆ ಇನ್ಮೇಕೆ ಅಮ್ಮ ನಿಜವಾಗ್ಲೂ ಇವನ ತೋಳ್ ಮ್ಯಾಲೆ ಇರ್ತಾಳೆ. ಅಕ್ಕಳೆ ಉದ್ರೋಗಂಟ ವಗ್ಗರಣೆ ಇಲ್ಲ."

ಸೂಜಿ ಹಿಡಿದ ಡಾಕ್ಟರ ಕೈ ಗಾಳಿಯಲ್ಲೇ ನಿಂತಿತು. ಗಾಯದ ಹಕ್ಕಳೆ ಉದುರಲು ವಾರಗಳು ಬೇಕೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದು ಕಡೆ ವಿಜ್ಞಾನ, ಇನ್ನೊಂದು ಕಡೆ ಸಾಸಿವೆ. ಕೊನೆಗೆ ನಿಟ್ಟುಸಿರು ಬಿಟ್ಟು ಚುಚ್ಚಿದರು. ಮುಂದೆ ದೇಶದಿಂದ ಸಿಡುಬು ತೊಲಗಿತಲ್ಲ, ಆ ಸಪ್ಪೆ ಸಾರು ಉಂಡ ನಮ್ಮ ಹೆಸರನ್ನು ಯಾವ ಪೇಪರಿನವನೂ ಹಾಕಲಿಲ್ಲ.

ಮಗು ಅತ್ತ ಅಬ್ಬರಕ್ಕೆ ಕಾಮಗೆರೆಯಲ್ಲಿ ಎತ್ತುಗಳು ಹಗ್ಗ ಕಿತ್ತವು. ನರ್ಸಮ್ಮ ಸಮಾಧಾನಪಡಿಸಲು ಓಡಿಬಂದಳು. ಚನ್ನಾಜಮ್ಮ ಅವಳನ್ನು ತಡೆದಳು.

"ಕೂಗ್ಲಿ ಬುಡವ್ವ. ಅಕ್ಕಪಕ್ಕದೋರು ಬಾಗ್ಲು ಆಕ್ಕಳ್ಳಿ."