ಮರ್ವ್ ಕೂತಿದ್ದ ಕಡೆಯ ಕೆನ್ನೆ

ಕಡಲೂರು ಕೂಲಂಗಟ್ಟಾದ ಕ್ಲಿನಿಕ್ಕಿನಲ್ಲಿ ಇಪ್ಪತ್ತು ವರ್ಷದಿಂದ ಮುಖದ ಸುಕ್ಕಿಗೆ ಫಿಲ್ಲರ್ ಚುಚ್ಚುತ್ತಿರುವ ನರ್ಸು ನಾನು. ಕುರ್ಚಿಗೆ ಒರಗಿದವರ ಮುಖ ನೋಡಿಯೇ ಜಾತಕ ಹೇಳಿಬಿಡುತ್ತೇನೆಂಬ ಜಂಬ ನನಗೆ. ಬಲಗೆನ್ನೆ ಹೆಚ್ಚು ಸುಕ್ಕಾಗಿದ್ದರೆ ಡ್ರೈವರ್, ಅಷ್ಟೇ. ಇಲ್ಲಿ ಕಾರು ಓಡಿಸುವವರು ಕೂರುವುದು ಬಲಕ್ಕೆ, ಕಿಟಕಿಯ ಬಿಸಿಲು ಅವರ ಆ ಕೆನ್ನೆಯನ್ನು ಬಿಡುವುದಿಲ್ಲ.

ಹೋದ ವರ್ಷ ಗ್ಲೆನಿಸ್ ಬಂದರು. ಅರವತ್ತೆಂಟು ವಯಸ್ಸು. ಎಡಗೆನ್ನೆ ಪೂರ್ತಿ ಗೆರೆ, ಬಲಗೆನ್ನೆ ನುಣುಪು. ಇದೇನಪ್ಪಾ ತಿರುವುಮುರುವು ಅಂದುಕೊಂಡು, ಎಡಕ್ಕೆ ಕೂತು ಓಡಿಸುವ ಅಮೆರಿಕದಲ್ಲಿ ಲಾರಿ ಓಡಿಸುತ್ತಿದ್ದಿರಾ ಎಂದು ಕೇಳಿಯೇಬಿಟ್ಟೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಸ್ಟೀರಿಂಗ್ ಮುಟ್ಟಿದವರೇ ಅಲ್ಲವಂತೆ.

ಓಡಿಸುತ್ತಿದ್ದವನು ಗಂಡ ಮರ್ವ್. ನಲವತ್ತು ವರ್ಷ, ರಜೆ ಸಿಕ್ಕರೆ ಸಾಕು, ಕಾರಿನ ಹಿಂದೆ ಮನೆಗಾಡಿ ಕ್ಯಾರವಾನ್ ಕಟ್ಟಿಕೊಂಡು ದಕ್ಷಿಣಕ್ಕೆ, ಯಾಂಬಾ ಎಂಬ ಕಡಲೂರಿಗೆ. ಬೆಳಿಗ್ಗೆ ಹೋಗುವಾಗ ಬಿಸಿಲು ಎಡಕ್ಕೆ, ಸಂಜೆ ವಾಪಸು ಬರುವಾಗಲೂ ಎಡಕ್ಕೇ. ಇವರ ಮಡಿಲಲ್ಲಿ ಸೀಗಡಿ ಪೊಟ್ಟಣ. ಸಿಪ್ಪೆ ಬಿಡಿಸಿ ಒಂದು ತನಗೆ, ಎರಡು ಅವನ ಬಾಯಿಗೆ. ಕೇಳುತ್ತಾ ಕೇಳುತ್ತಾ ನನಗೂ ಅಪ್ಪನ ಹಳೇ ಕಾರು, ತೊಡೆಗೆ ಅಂಟುತ್ತಿದ್ದ ಕಾದ ಸೀಟು ನೆನಪಾದವು. ಅಂಥ ದಿನಗಳು ಇನ್ನೆಲ್ಲಿ.

ಮರ್ವ್ ತೀರಿಕೊಂಡು ಆಗ ಎಂಟು ತಿಂಗಳು. ಮುಂದಿನ ತಿಂಗಳು ಮಗಳ ಮದುವೆ. ಫೋಟೋದಲ್ಲಿ ಅಪ್ಪನಂತೂ ಇರುವುದಿಲ್ಲ, ಅಮ್ಮನೂ ಬಾಡಿಹೋಗಿ ಕಂಡರೆ ಮಗಳು ಅತ್ತುಬಿಡುತ್ತಾಳೆ, ಎಡಗೆನ್ನೆಯನ್ನು ಬಲದಂತೆ ಮಾಡಿಕೊಡು ಎಂದರು. ಬಿಳಿ ಪೆನ್ಸಿಲಿನಲ್ಲಿ ಗುರುತು ಹಾಕಿ, ಮಡಿಕೆಗಳನ್ನೆಲ್ಲ ತುಂಬಿ, ಕನ್ನಡಿ ಕೊಟ್ಟೆ. ಚೆನ್ನಾಗಿದೆ ಎಂದರು. ಆದರೆ ಅವರ ಬೆರಳು ಸವರುತ್ತಿದ್ದದ್ದು ಬಲಗೆನ್ನೆಯನ್ನು.

"ಈ ಕಡೆ ಬಿಸಿಲೇ ಬಿದ್ದಿರ್ಲಿಲ್ಲ ಕಣಮ್ಮ. ಮರ್ವ್ ಅಡ್ಡ ಕೂತಿರ್ತಿದ್ನಲ್ಲ."

ಮುಖದ ಜಾತಕ ಹೇಳುವ ನನಗೆ ಅದು ಹೊಳೆದೇ ಇರಲಿಲ್ಲ.

ಮೊನ್ನೆ ಮತ್ತೆ ಬಂದಿದ್ದರು. ಒಂದು ವರ್ಷಕ್ಕೆ ಫಿಲ್ಲರ್ ಕರಗಿ ಎಡಗಡೆಯ ಗೆರೆಗಳೆಲ್ಲ ವಾಪಸು. ಅದಕ್ಕೇ ಬಂದಿರಬೇಕೆಂದು ಸಿರಿಂಜ್ ತೆಗೆದಿಟ್ಟೆ. ಅವರು ಮುಖ ತಿರುಗಿಸಿ ಬಲಗೆನ್ನೆ ತೋರಿಸಿದರು. ಕಂದು ಚುಕ್ಕೆ, ಸಣ್ಣಗೆ ಹೊಸ ಗೆರೆ. ನನಗೆ ಸಿಟ್ಟು ಬಂತು. ಸನ್‌ಸ್ಕ್ರೀನ್ ಹಚ್ಚಿ ಎಂದು ಬಡಕೊಂಡಿದ್ದೆನಲ್ಲ ಎಂದು ಗದರಿದೆ.

ಮಗಳ ಮದುವೆಯಾದ ಮೇಲೆ ಡ್ರೈವಿಂಗ್ ಕಲಿತರಂತೆ. ಎರಡು ಸಲ ಫೇಲಾಗಿ ಮೂರನೇ ಸಲ ಪಾಸು. ಈಗ ಮಧ್ಯಾಹ್ನ ಊಟ ಮುಗಿಸಿ ಒಬ್ಬರೇ ಯಾಂಬಾಕ್ಕೆ ಹೊರಡುತ್ತಾರೆ, ಮರ್ವ್‌ನ ಸೀಟಿನಲ್ಲಿ ಕೂತು. ಸೀಗಡಿ ಬಿಡಿಸಿ ಕೊಡುವವರಿಲ್ಲ, ಗಾಡಿ ನಿಲ್ಲಿಸಿಕೊಂಡೇ ತಿನ್ನಬೇಕು ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು.

ಹಾಗಾದರೆ ಎರಡೂ ಕಡೆ ತುಂಬಿಬಿಡಲೇ ಎಂದೆ.

"ಎಡಗಡೇದು ಇರ್ಲಿ ಬಿಡು, ನನ್ನದೇ ಅದು. ಈ ಕಡೇದು ಮಾತ್ರ ಮುಂಚಿನ ಥರ ಮಾಡ್ಕೊಡು. ನಲವತ್ತು ವರ್ಷ ಅವನು ಕಾಯ್ದಿದ್ದು, ಒಂದೇ ವರ್ಷದಲ್ಲಿ ಹಾಳು ಮಾಡ್ಕೊಂಡೆ."

ನಾನು ಬಿಳಿ ಪೆನ್ಸಿಲ್ ತೆಗೆದುಕೊಂಡು ಬಲಗೆನ್ನೆಯ ಮೊದಲ ಗೆರೆಗೆ ಗುರುತು ಹಾಕಿದೆ.